ಐವತ್ತೆರಡನೆಯ ವಯಸ್ಸಿನಲ್ಲಿ ಯೆಜ್ಡಿ ರೋಡ್‌ಕಿಂಗ್: ಹಳೆಯದನ್ನು ಕೊಳ್ಳಲೋ, ಹೊಸದನ್ನೋ?

ಪ್ರಶ್ನೆ: ತಿಪಟೂರಿನ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ನಾನು ತಿಪಟೂರಿನ ಒಂದು ಪದವಿಪೂರ್ವ ಕಾಲೇಜಿನಲ್ಲಿ ವಾಣಿಜ್ಯಶಾಸ್ತ್ರ ಪಾಠ ಹೇಳುತ್ತೇನೆ. ಇಪ್ಪತ್ತೈದು ವರ್ಷಗಳಿಂದ ಸ್ಕೂಟರಿನಲ್ಲೇ ಓಡಾಡಿದ್ದೇನೆ. ಮಗಳ ಓದು ಮುಗಿದು ಅವಳಿಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿತು, ಮನೆಸಾಲದ ಕೊನೆಯ ಕಂತು ಕಳೆದ ಯುಗಾದಿಯ ಹೊತ್ತಿಗೆ ತೀರಿತು. ಆಮೇಲೆ ಒಂದು ದಿನ ರಾತ್ರಿ ಊಟಕ್ಕೆ ಕುಳಿತಾಗ, ನಲವತ್ತು ವರ್ಷಗಳಿಂದ ಯಾರ ಮುಂದೆಯೂ ಬಾಯಿಬಿಟ್ಟು ಹೇಳದಿದ್ದ ಆಸೆಯನ್ನು ಮನೆಯವರ ಮುಂದೆ ಹೇಳಿಬಿಟ್ಟೆ. ನನಗೆ ಒಂದು ಯೆಜ್ಡಿ ರೋಡ್‌ಕಿಂಗ್ ಮೋಟಾರ್‌ಸೈಕಲ್ ಬೇಕು.

ನನ್ನ ಸೋದರಮಾವ ಅರಸೀಕೆರೆ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ತೆಂಗಿನ ತೋಟ ಮಾಡಿಕೊಂಡಿದ್ದಾರೆ. 1984ರಲ್ಲಿ ಕೊಬ್ಬರಿ ಮಾರಿದ ದುಡ್ಡಿನಲ್ಲಿ ಅವರು ಕಪ್ಪು ಬಣ್ಣದ ರೋಡ್‌ಕಿಂಗ್ ತಂದರು. ಬೇಸಿಗೆ ರಜೆಯಲ್ಲಿ ನಾನು ಅಲ್ಲಿಗೆ ಹೋದಾಗ, ಸಂಜೆ ಕೆರೆ ಏರಿಯ ಮೇಲೆ ಆ ಗಾಡಿಯ ಸದ್ದು ಕೇಳಿದ ಕೂಡಲೇ ಅಜ್ಜಿ ಮುದ್ದೆಗೆ ಎಸರಿಡುತ್ತಿದ್ದರು. ಮಾವ ಏರಿ ಇಳಿದು, ಗಾಡಿ ನಿಲ್ಲಿಸಿ, ಕೈಕಾಲು ತೊಳೆದು ಒಳಗೆ ಬರುವ ಹೊತ್ತಿಗೆ ಮುದ್ದೆ ತಟ್ಟೆಯಲ್ಲಿ ಇರುತ್ತಿತ್ತು. ಟ್ಯಾಂಕಿನ ಮೇಲೆ ಕುಳಿತು ತೋಟಕ್ಕೆ ಹೋಗುತ್ತಿದ್ದ ನನಗೆ ಆ ಟ್ಯಾಂಕಿನ ಬಿಸಿಯೂ, ಪೆಟ್ರೋಲಿನ ಜೊತೆ ಎಣ್ಣೆ ಉರಿದ ವಾಸನೆಯೂ ಇವತ್ತಿಗೂ ನೆನಪಿವೆ. 1992ರಲ್ಲಿ ತೋಟ ಒಣಗತೊಡಗಿ ಬೋರ್‌ವೆಲ್ ಕೊರೆಸಬೇಕಾದಾಗ ಮಾವ ಗಾಡಿಯನ್ನು ಮಾರಿದರು. ಕೊಂಡವರು ಅದನ್ನು ಒಯ್ಯಲು ಬಂದಾಗ ಅವರು ಹಿತ್ತಲಿನಲ್ಲಿ ಕಾಯಿ ಸುಲಿಯುತ್ತ ಕುಳಿತಿದ್ದರು, ಕಿಕ್ಕರ್ ಸದ್ದು ಕೇಳಿದರೂ ತಲೆ ಎತ್ತಲಿಲ್ಲ.

ಮನೆಯಲ್ಲಿ ನನ್ನ ಮಾತಿಗೆ ವಿರೋಧ ಬರಬಹುದೆಂದುಕೊಂಡಿದ್ದೆ, ಆದರೆ ಬಂದದ್ದು ನಗು. ನಮ್ಮ ತಾಯಿಯವರು, "ತಮ್ಮನ ಗಾಡಿ ಸದ್ದಿಗೇ ಅರ್ಧ ಕಿವಿ ಹೋಗಿದೆ, ಉಳಿದರ್ಧ ಮಗನಿಗೆ ಅಂತಲೇ ಇಟ್ಟಿದ್ದೆ" ಎಂದರು. ನನ್ನ ಮಡದಿ, "ತಗೊಳ್ಳೋದಾದರೆ ತಗೊಳ್ಳಿ, ದಾರೀಲಿ ನಿಂತರೆ ತಳ್ಳೋಕೆ ಮಾತ್ರ ನನ್ನ ಕರೀಬೇಡಿ" ಎಂದು ಒಂದೇ ಒಂದು ಷರತ್ತು ಹಾಕಿದರು. ಮಗಳು ಫೋನಿನಲ್ಲಿ ಸಾಕಷ್ಟು ಹೊತ್ತು ನಕ್ಕು, ಆಮೇಲೆ ಹಿಂದಿನ ಸೀಟು ತನಗೇ ಎಂದು ಕಾದಿರಿಸಿಕೊಂಡಳು.

ಈಗ ನನ್ನ ಮುಂದೆ ಎರಡು ದಾರಿಗಳಿವೆ. ಚಿಕ್ಕಮಗಳೂರಿನಲ್ಲಿ ಒಬ್ಬರ ಬಳಿ 1988ರ ರೋಡ್‌ಕಿಂಗ್ ಇದೆ. 1,40,000 ರೂಪಾಯಿ ಹೇಳುತ್ತಿದ್ದಾರೆ, ಆರ್.ಸಿ. ಅವರ ಹೆಸರಿನಲ್ಲೇ ಇದೆಯಂತೆ. ಇನ್ನೊಂದು ದಾರಿ, 2022ರಿಂದ ಯೆಜ್ಡಿ ಹೆಸರಿನಲ್ಲೇ ಮತ್ತೆ ಬರುತ್ತಿರುವ ಹೊಸ ಗಾಡಿ. ಹಳೆಯದನ್ನು ನೋಡಲು ಹೋದಾಗ ಏನನ್ನು ಪರೀಕ್ಷಿಸಬೇಕು? ನನ್ನ ಎಡಮಂಡಿ ಆಗಾಗ ನೋಯುತ್ತದೆ, ಯೆಜ್ಡಿಯ ಕಿಕ್ಕರ್ ಇರುವುದೂ ಎಡಗಡೆಗೇ. ಈ ವಯಸ್ಸಿನಲ್ಲಿ ಅದು ಆಗುವ ಮಾತೇ? ಬಲ್ಲವರು ದಯವಿಟ್ಟು ವಿವರವಾಗಿ ಬರೆಯಿರಿ.

ಉತ್ತರ: ಕಾರ್ಖಾನೆಯ ಮಗ, ಮೈಸೂರು

ಮೇಷ್ಟ್ರೇ, ನಿಮ್ಮ ಪ್ರಶ್ನೆಯನ್ನು ನಮ್ಮ ತಂದೆಯವರಿಗೆ ಓದಿ ಹೇಳಿದೆ. ಅವರು ಯೆಜ್ಡಿ ಗಾಡಿಗಳನ್ನು ತಯಾರಿಸುತ್ತಿದ್ದ, ಇಲ್ಲಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯ ಎಂಜಿನ್ ಜೋಡಣೆ ವಿಭಾಗದಲ್ಲಿ ಇಪ್ಪತ್ತನಾಲ್ಕು ವರ್ಷ ದುಡಿದವರು. ಕೇಳಿದ ತಕ್ಷಣ ಅವರು ಅಂದದ್ದು, "ಹಳೆಯದೇ ತಗೊಳ್ಳೋಕೆ ಹೇಳು" ಎಂದು. ಅವರಿಂದ ಬೇರೆ ಉತ್ತರ ಬರುವ ಸಾಧ್ಯತೆಯೂ ಇರಲಿಲ್ಲ, ಆದ್ದರಿಂದ ನಾನು ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ.

ಜಾವಾ ಎಂಬುದು ಚೆಕ್ ನಾಡಿನ ಹೆಸರು. 1929ರಲ್ಲಿ ಯಾನೆಚೆಕ್ ಎಂಬ ಉದ್ಯಮಿ ಜರ್ಮನಿಯ ವಾಂಡರರ್ ಕಂಪನಿಯ ಮೋಟಾರ್‌ಸೈಕಲ್ ತಯಾರಿಕೆಯ ಹಕ್ಕು ಪಡೆದಾಗ, ಎರಡೂ ಹೆಸರುಗಳ ಇಂಗ್ಲಿಷ್ ಬರಹದ ಮೊದಲೆರಡು ಅಕ್ಷರಗಳು (JA, WA) ಕೂಡಿ ಜಾವಾ ಆಯಿತು. ಇರಾನಿ ಎಂಬ ಮನೆತನದವರು ಅದನ್ನು ಮೈಸೂರಿಗೆ ತಂದರು. 1961ರಿಂದ ಇಲ್ಲಿ ಗಾಡಿಗಳು ತಯಾರಾಗತೊಡಗಿದವು, ಆಗ ರಾಜ್ಯಪಾಲರಾಗಿದ್ದವರು ಜಯಚಾಮರಾಜ ಒಡೆಯರು. ಎಪ್ಪತ್ತರ ದಶಕದಲ್ಲಿ ಹೆಸರು ಯೆಜ್ಡಿ ಎಂದಾಯಿತು, ಅದೇ ದಶಕದ ಕೊನೆಯಲ್ಲಿ ರೋಡ್‌ಕಿಂಗ್ ಬಂತು, 1996ರಲ್ಲಿ ಕಾರ್ಖಾನೆ ಮುಚ್ಚಿತು. ಅಪ್ಪನಿಗೆ ಇವತ್ತಿಗೂ ಬೀದಿಯಲ್ಲಿ ಯೆಜ್ಡಿ ಹೋದರೆ ಸುಮ್ಮನಿರಲು ಆಗುವುದಿಲ್ಲ. ಟಿ.ವಿ. ನೋಡುತ್ತಿದ್ದವರು ಅದರ ಸದ್ದು ಕಡಿಮೆ ಮಾಡಿ, ಹೊರಗಿನ ಸದ್ದು ಕೇಳಿ, "ಪಾಯಿಂಟ್ ಗ್ಯಾಪ್ ಜಾಸ್ತಿ ಇದೆ" ಎಂದು ಎಂಜಿನ್ನಿಗೆ ಕಿಡಿ ಕೊಡುವ ಭಾಗದ ಬಗ್ಗೆ ನಿರ್ಣಯ ಕೊಟ್ಟು, ಮತ್ತೆ ಟಿ.ವಿ. ಸದ್ದು ಏರಿಸುತ್ತಾರೆ.

ಚಿಕ್ಕಮಗಳೂರಿಗೆ ಹೋದಾಗ ಮೊದಲು ಬಣ್ಣ, ಕ್ರೋಮ್ ಇವುಗಳನ್ನು ನೋಡಬೇಡಿ. ಎಂಜಿನ್ ನಂಬರು ಮತ್ತು ಚೇಸಿಸ್ ನಂಬರುಗಳನ್ನು ಆರ್.ಸಿ.ಯ ಜೊತೆ ಅಕ್ಷರಕ್ಷರ ತಾಳೆ ನೋಡಿ. ಎಂಜಿನ್ನುಗಳು ಒಂದು ಗಾಡಿಯಿಂದ ಇನ್ನೊಂದಕ್ಕೆ ಹೋಗಿರುವುದು ಇಷ್ಟು ಹಳೆಯ ಗಾಡಿಗಳಲ್ಲಿ ಅಪರೂಪವಲ್ಲ. ಖಾಸಗಿ ಗಾಡಿಗೆ ಹದಿನೈದು ವರ್ಷ ತುಂಬಿದ ಮೇಲೆ ನೋಂದಣಿಯನ್ನು ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕು. ಅದು ಆಗಿದೆಯೇ, ಹಳೆಯ ಗಾಡಿಗಳ ಮೇಲೆ ಹಾಕುವ ಹಸಿರು ತೆರಿಗೆ ಕಟ್ಟಿದ್ದಾರೆಯೇ, ದಾಖಲೆ ಆರ್.ಟಿ.ಒ. ಕಚೇರಿಯ ಕಂಪ್ಯೂಟರಿಗೆ ಏರಿದೆಯೇ ಎಂಬುದನ್ನು ದುಡ್ಡು ಕೊಡುವ ಮೊದಲೇ ವಿಚಾರಿಸಿ. 1988ರ ಗಾಡಿ ಎಂದರೆ ನಂಬರು ಕೆ.ಎ. ಎಂದು ಆರಂಭವಾಗುವುದಿಲ್ಲ, ಆ ಪದ್ಧತಿ ಬಂದದ್ದು 1989ರಲ್ಲಿ. ಹಳೆಯ ಪುಸ್ತಕದಲ್ಲಿ ಮಾತ್ರ ಇರುವ ನಂಬರನ್ನು ಕಂಪ್ಯೂಟರಿಗೆ ಏರಿಸುವುದಕ್ಕೆ ಓಡಾಟ ಬೇಕಾಗುತ್ತದೆ. ವರ್ಗಾವಣೆಯ ಫಾರಂ 29 ಮತ್ತು 30ಕ್ಕೆ ಮಾರುವವರ ಸಹಿಯನ್ನು ಅಲ್ಲೇ ಹಾಕಿಸಿಕೊಳ್ಳಿ.

ಎಂಜಿನ್ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿಸಿ ನೋಡಿ. ನೀವು ಹೋಗುವ ಮೊದಲೇ ಬಿಸಿ ಮಾಡಿಟ್ಟಿದ್ದರೆ ಒಂದು ಕಾಫಿ ಕುಡಿದು ಬಂದು ನೋಡಿ. ಪೆಟ್ರೋಲಿನ ಜೊತೆ ಎಣ್ಣೆಯನ್ನೂ ಉರಿಸುವ ಎರಡು ಸ್ಟ್ರೋಕಿನ ಗಾಡಿ ಹೊಗೆ ಬಿಡುವುದು ಸಹಜ, ಆದರೆ ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ ನಿಲ್ಲದೆ ಬರುತ್ತಿದ್ದರೆ ಕ್ರ್ಯಾಂಕಿನ ಆಯಿಲ್ ಸೀಲ್ ಹೋಗಿ ಗೇರ್‌ಬಾಕ್ಸಿನ ಎಣ್ಣೆ ಒಳಕ್ಕೆ ಇಳಿಯುತ್ತಿರಬಹುದು, ಎಂಜಿನ್ ಬಿಚ್ಚಲೇಬೇಕು. ಇನ್ನೊಂದು ಮಾತು: ಸೈಲೆನ್ಸರುಗಳು ಎರಡಿವೆ ಎಂದು ಸಿಲಿಂಡರುಗಳೂ ಎರಡು ಎಂದುಕೊಳ್ಳಬೇಡಿ. ಒಂದೇ ಸಿಲಿಂಡರಿಗೆ ಹೊಗೆ ಹೋಗುವ ದಾರಿ ಎರಡು, ಅದೇ ಈ ಗಾಡಿಯ ಸದ್ದಿನ ಗುಟ್ಟು. ಎರಡೂ ಕೊಳವೆಗಳ ಬಾಯಿಗೆ ಕೈ ಹಿಡಿದು ಹೊಗೆ ಸಮನಾಗಿ ಬರುತ್ತಿದೆಯೇ ನೋಡಿ. ಒಂದರಲ್ಲಿ ಕಡಿಮೆಯಿದ್ದರೆ ಒಳಗೆ ಕರಿ ಕಟ್ಟಿದೆ ಎಂದರ್ಥ, ಅದನ್ನು ಕೆರೆದು ತೆಗೆಯಬಹುದು, ಹೆದರಬೇಕಾಗಿಲ್ಲ.

ಇನ್ನು ಸಂತೋಷದ ವಿಷಯ. ನಾನು ಹಳೆಯ ಜಾವಾ ಕೊಂಡದ್ದು ನಲವತ್ತೊಂಬತ್ತನೆಯ ವಯಸ್ಸಿನಲ್ಲಿ. ಆಯುಧಪೂಜೆಯ ದಿನ ಬೀದಿಯವರೆಲ್ಲ ಸೇರಿದ್ದರು. ಗಾಡಿಗೆ ಹಾರ ಹಾಕಿ, ಕುಂಬಳಕಾಯಿ ಒಡೆದು, ಮುಂದಿನ ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟಾಗಿತ್ತು. ನಾನು ಉತ್ಸಾಹದಲ್ಲಿ ಅರ್ಧ ಮನಸ್ಸಿನ ಒದೆತ ಒದ್ದೆ, ಎಂಜಿನ್ ಹಿಂದಕ್ಕೆ ತಳ್ಳಿದಂತಾಗಿ ಸ್ಟಾರ್ಟ್ ಆಯಿತು. ಮೊದಲ ಗೇರಿಗೆ ಹಾಕಿ ಕ್ಲಚ್ ಬಿಟ್ಟರೆ ಗಾಡಿ ಹಿಂದಕ್ಕೆ ಹೊರಟಿತು! ಈ ಎರಡು ಸ್ಟ್ರೋಕಿನ ಎಂಜಿನ್ನುಗಳು ಒದೆತ ಅರೆಯಾದರೆ ಉಲ್ಟಾ ತಿರುಗಿಯೂ ಸ್ಟಾರ್ಟ್ ಆಗುತ್ತವೆ, ಸದ್ದಿನಲ್ಲಿ ವ್ಯತ್ಯಾಸ ಗೊತ್ತಾಗುವುದಿಲ್ಲ. ಜನ ಹೋ ಎಂದು ಎರಡೂ ಕಡೆ ಸರಿದರು. ಕುರ್ಚಿಯಲ್ಲಿ ಕುಳಿತಿದ್ದ ಅಪ್ಪ ಕಣ್ಣಲ್ಲಿ ನೀರು ಬರುವಷ್ಟು ನಕ್ಕು, "ನಿಂಬೆಹಣ್ಣು ಉಳೀತಲ್ಲ, ಎಲ್ಲರಿಗೂ ಪಾನಕ ಮಾಡಿ" ಎಂದರು. ನಿಜಕ್ಕೂ ಪಾನಕ ಮಾಡಿದೆವು. ಎಂಜಿನ್ ಆಫ್ ಮಾಡಿ ಮತ್ತೆ ಸರಿಯಾಗಿ ಒದ್ದರೆ ಸಾಕು, ಇದರಿಂದ ಗಾಡಿಗೆ ಕೇಡೇನೂ ಇಲ್ಲ. ಕಾರ್ಖಾನೆ ಮುಚ್ಚಿದ ಮೇಲೆ ಅಪ್ಪ ಅಷ್ಟು ನಕ್ಕದ್ದನ್ನು ನಾನು ನೋಡಿರಲಿಲ್ಲ.

ಉತ್ತರ: ಧಾರವಾಡದಿಂದ ಒಬ್ಬ ಸವಾರಿಣಿ

ಸರ್, ನಾನು ಹೊಸ ಗಾಡಿಯ ಪರವಾಗಿ ಬರೆಯುತ್ತೇನೆ. ನಾನು ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದೇನೆ, ನಲವತ್ತೇಳನೆಯ ವಯಸ್ಸಿನಲ್ಲಿ ಮೆರೂನ್ ಬಣ್ಣದ ಹೊಸ ಜಾವಾ ಕೊಂಡೆ. ಚಿಕ್ಕಂದಿನಲ್ಲಿ ನಮ್ಮ ಓಣಿಯ ಡಾಕ್ಟರು ಅಂಥದೇ ಬಣ್ಣದ ಗಾಡಿಯಲ್ಲಿ ಬರುತ್ತಿದ್ದರು. ಹೆಣ್ಣುಮಕ್ಕಳು ಅದನ್ನು ಮುಟ್ಟುವುದಿರಲಿ, ಹತ್ತಿರ ನಿಲ್ಲುವುದನ್ನೂ ದೊಡ್ಡವರು ಒಪ್ಪುತ್ತಿರಲಿಲ್ಲ.

ಗಾಡಿ ನೋಡಲು ಹೋದ ದಿನ ಮಾರಾಟದ ಹುಡುಗ ಮೈಲೇಜು, ಗೇರು, ಬ್ರೇಕು ಎಲ್ಲವನ್ನೂ ನನ್ನ ಯಜಮಾನರಿಗೆ ವಿವರಿಸುತ್ತಿದ್ದ. ಅವರಿಗೆ ಸೈಕಲ್ ಬಿಟ್ಟರೆ ಬೇರೆ ಯಾವುದನ್ನೂ ಓಡಿಸಲು ಬರುವುದಿಲ್ಲ. ಅವರು ಎಲ್ಲವನ್ನೂ ಗಂಭೀರವಾಗಿ ಕೇಳಿಸಿಕೊಂಡು ಕೊನೆಗೆ, "ಹಿಂದಿನ ಸೀಟು ಮೆತ್ತಗ ಐತೇನಪಾ? ನಾ ಕೂಡೂದು ಅಲ್ಲೇ" ಎಂದರು. ಆ ಹುಡುಗ ಮೊದಲು ಕಕ್ಕಾಬಿಕ್ಕಿಯಾಗಿ, ಆಮೇಲೆ ಮೂವರೂ ಸೇರಿ ನಕ್ಕೆವು. ಆಮೇಲಿನ ಮಾತೆಲ್ಲ ಅವನು ನನ್ನ ಜೊತೆಗೇ ಆಡಿದ.

ನನ್ನ ಬಳಿ ಇದ್ದದ್ದು ಗೇರಿಲ್ಲದ ಸ್ಕೂಟರಿನ ಪರವಾನಗಿ ಮಾತ್ರ, ಆದ್ದರಿಂದ ಗೇರಿನ ಗಾಡಿಯ ಪರವಾನಗಿಗೆ ಬೇರೆ ಪರೀಕ್ಷೆ ಕೊಟ್ಟೆ. ನಲವತ್ತು ದಾಟಿದವರಿಗೆ ಬೇಕಾಗುವ ವೈದ್ಯರ ಪ್ರಮಾಣಪತ್ರವನ್ನು ನಮ್ಮ ಆಸ್ಪತ್ರೆಯ ವೈದ್ಯರೇ ಬರೆದುಕೊಟ್ಟರು, ಜೊತೆಗೆ ಒಂದು ಸುತ್ತು ತಮಗೂ ಬೇಕೆಂದು ಕೇಳಿದರು. ಬೆಳಗಿನ ಆರು ಗಂಟೆಗೆ ವಿಶ್ವವಿದ್ಯಾಲಯದ ರಸ್ತೆಗಳಲ್ಲಿ ಎರಡು ತಿಂಗಳು ಅಭ್ಯಾಸ ಮಾಡಿದೆ. ಈ ಗಾಡಿಯ ಸೀಟಿನ ಎತ್ತರ 765 ಮಿ.ಮೀ., ಹಾಗಾಗಿ ಗಿಡ್ಡಗಿರುವ ನನಗೂ ಎರಡೂ ಕಾಲು ನೆಲಕ್ಕೆ ಹತ್ತುತ್ತವೆ. ಗುಂಡಿ ಒತ್ತಿದರೆ ಸ್ಟಾರ್ಟ್ ಆಗುತ್ತದೆ, ಜೋರಾಗಿ ಬ್ರೇಕ್ ಹಾಕಿದರೂ ಚಕ್ರ ಬಿಗಿದು ಜಾರದಂತೆ ತಡೆಯುವ ಎ.ಬಿ.ಎಸ್. ಇದೆ, ಪೆಟ್ರೋಲಿಗೆ ಎಣ್ಣೆ ಬೆರೆಸುವ ಕೆಲಸವಿಲ್ಲ. ನೀವು ಹೇಳುತ್ತಿರುವ ಹೊಸ ಯೆಜ್ಡಿ ಇನ್ನೂ ದೊಡ್ಡದು: 334 ಸಿ.ಸಿ., ಆರು ಗೇರು. ಮಂಡಿನೋವಿರುವವರಿಗೆ ಇವೆಲ್ಲ ಸಣ್ಣ ಸಂಗತಿಗಳಲ್ಲ.

ಮೊದಲ ದೂರದ ಸವಾರಿ ಹಳಿಯಾಳದ ಮೇಲೆ ದಾಂಡೇಲಿಗೆ. ಕಾಡು ಆರಂಭವಾಗುವಲ್ಲಿ ಗಾಳಿ ಒಮ್ಮೆಲೇ ತಂಪಾಗುತ್ತದೆ. ಬಸ್ಸಿನಲ್ಲಿ ಎಷ್ಟೋ ಸಲ ಹೋದ ದಾರಿಯೇ ಅದು, ಆದರೆ ಗಾಳಿ ಬದಲಾಗುವ ಆ ಜಾಗ ನನಗೆ ಅವತ್ತೇ ಗೊತ್ತಾದದ್ದು. ಹಿಂದೆ ಕುಳಿತಿದ್ದ ಯಜಮಾನರು ಪೇಢೆಯ ಡಬ್ಬಿಯನ್ನು ಎದೆಗೆ ಅವುಚಿಕೊಂಡು ಜೋರಾಗಿ ಹಾಡಲು ಆರಂಭಿಸಿದರು. ಮದುವೆಯಾಗಿ ಇಪ್ಪತ್ತಮೂರು ವರ್ಷವಾಗಿತ್ತು, ಅವರು ಹಾಡುತ್ತಾರೆಂದು ನನಗೆ ಗೊತ್ತೇ ಇರಲಿಲ್ಲ.

ಉತ್ತರ: ಸ್ಪ್ಯಾನರ್ ಹನ್ನೆರಡು-ಹದಿಮೂರು, ಶಿವಮೊಗ್ಗ

ಮೇಷ್ಟ್ರೇ, ನಾನು ಮೂವತ್ತು ವರ್ಷಗಳಿಂದ ಗ್ಯಾರೇಜ್ ನಡೆಸುತ್ತಿದ್ದೇನೆ, ಯೆಜ್ಡಿ ಕೆಲಸ ವಾರಕ್ಕೊಂದಾದರೂ ಬರುತ್ತದೆ. ಮಂಡಿಯ ಬಗ್ಗೆ ಚಿಂತೆ ಬೇಡ. ಗಾಡಿಯನ್ನು ಡಬಲ್ ಸ್ಟ್ಯಾಂಡ್ ಹಾಕಿ, ಅದರ ಎಡಗಡೆ ನೆಲದ ಮೇಲೆ ನಿಂತು ಬಲಗಾಲಿನಿಂದ ಒದೆಯಿರಿ. ಹಳೆಯ ಸವಾರರು ಅನೇಕರು ಹಾಗೆಯೇ ಮಾಡುತ್ತಾರೆ. ಬುಲೆಟ್ಟಿನಷ್ಟು ಬಲ ಇದಕ್ಕೆ ಬೇಡ. ಕೀ ಹಾಕದೆ ಎರಡು ಸಲ ನಿಧಾನವಾಗಿ ಒತ್ತಿ, ಆಮೇಲೆ ಕೀ ಹಾಕಿ, ಬಿಗಿ ಸಿಗುವ ಜಾಗದಿಂದ ಕೊನೆಯವರೆಗೂ ಒಂದೇ ಉಸಿರಿನಲ್ಲಿ ಒದೆಯಬೇಕು. ಅರ್ಧದಲ್ಲಿ ಬಿಟ್ಟರೆ ಮೈಸೂರಿನವರ ನಿಂಬೆಹಣ್ಣಿನ ಕಥೆಯಾಗುತ್ತದೆ.

ಗೇರಿನ ಲಿವರನ್ನೇ ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಅದೇ ಕಿಕ್ಕರ್ ಎಂಬುದು ನಿಮಗೆ ಗೊತ್ತಿರುತ್ತದೆ. ಈಗಿನ ಹುಡುಗರಿಗೆ ಗೊತ್ತಿಲ್ಲ. ನನ್ನ ಗ್ಯಾರೇಜಿಗೆ ಹೊಸದಾಗಿ ಸೇರಿದ ಹುಡುಗ ಒಂದಿಡೀ ಬೆಳಿಗ್ಗೆ ಕಿಕ್ಕರ್ ಹುಡುಕಿ, ಯಾರೋ ಬಿಚ್ಚಿಕೊಂಡು ಹೋಗಿದ್ದಾರೆಂದು ಓಡಿಬಂದು ಹೇಳಿದ. ಅವನೇ ಈಗ ನನಗಿಂತ ಚೆನ್ನಾಗಿ ಯೆಜ್ಡಿ ಕ್ಲಚ್ ಕೂರಿಸುತ್ತಾನೆ.

ನಾನು ಒತ್ತಿ ಹೇಳಬೇಕಾದದ್ದು ಬ್ರೇಕಿನ ವಿಷಯ. ಎರಡೂ ಚಕ್ರಗಳಿಗೆ ಡ್ರಮ್ ಬ್ರೇಕು, ಮುಂದೆ ಹೋಗುವ ಕಾರು ಒಮ್ಮೆಲೇ ನಿಂತಷ್ಟು ಬೇಗ ನಿಮ್ಮ ಗಾಡಿ ನಿಲ್ಲುವುದಿಲ್ಲ. ಕೊಂಡ ಮೊದಲ ವಾರವೇ ಲೈನರು, ಕೇಬಲ್ಲು, ಎರಡೂ ಟೈರು ಹೊಸದು ಹಾಕಿಸಿ. ಬಣ್ಣ ಆಮೇಲೆ ಆಗಲಿ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇಕಡ 20ರವರೆಗೆ ಎಥನಾಲ್ ಇರುತ್ತದೆ, ಅದು ಹಳೆಯ ರಬ್ಬರು ಕೊಳವೆಗಳನ್ನು ತಿನ್ನುತ್ತದೆ, ನೀರನ್ನೂ ಎಳೆದುಕೊಳ್ಳುತ್ತದೆ. ಪೆಟ್ರೋಲ್ ಪೈಪು ಬದಲಾಯಿಸಿ, ಗಾಡಿಯನ್ನು ವಾರಗಟ್ಟಲೆ ನಿಲ್ಲಿಸುವುದಾದರೆ ಕಾರ್ಬುರೇಟರ್ ಖಾಲಿ ಮಾಡಿ. ನಾನು ಲೀಟರಿಗೆ 40 ಮಿ.ಲೀ. ಟೂ-ಟಿ (ಎರಡು ಸ್ಟ್ರೋಕಿನ ಎಂಜಿನ್ನಿನ) ಎಣ್ಣೆ ಬೆರೆಸಲು ಹೇಳುತ್ತೇನೆ. ಬಂಕಿನಲ್ಲಿ ಮೊದಲು ಎಣ್ಣೆ ಸುರಿದು, ಅದರ ಮೇಲೆ ಪೆಟ್ರೋಲ್ ಹಾಕಿಸಿ, ಗಾಡಿಯನ್ನು ಎರಡು ಸಲ ಅಲುಗಾಡಿಸಿ. ಸಾಲಿನಲ್ಲಿ ಹಿಂದೆ ನಿಂತವರು ಏನಾಯಿತೆಂದು ಕೇಳುತ್ತಾರೆ, ಎಲ್ಲರೂ ಕೇಳುತ್ತಾರೆ, ಸಮಾಧಾನದಿಂದ ಹೇಳಿ. ಅವರಲ್ಲಿ ಒಬ್ಬರಾದರೂ "ನಮ್ಮ ತಂದೆಯ ಹತ್ತಿರವೂ ಇತ್ತು" ಎಂದು ಮಾತು ಆರಂಭಿಸುತ್ತಾರೆ.

ಮತ್ತೆ: ತಿಪಟೂರಿನ ಮೇಷ್ಟ್ರು

ಮೂರು ವಾರಗಳ ಮೇಲೆ ಬರೆಯುತ್ತಿದ್ದೇನೆ. ಧಾರವಾಡದ ತಂಗಿಯವರ ಮಾತು ನೂರಕ್ಕೆ ನೂರು ಸರಿ, ಹೊಸ ಗಾಡಿಯನ್ನು ಓಡಿಸಿಯೂ ನೋಡಿದೆ, ಅದು ಬಹಳ ಚೆನ್ನಾಗಿದೆ. ಆದರೆ ನನ್ನ ಕಿವಿ ಹುಡುಕುತ್ತಿದ್ದ ಸದ್ದು ಅದರಲ್ಲಿರಲಿಲ್ಲ. ಚಿಕ್ಕಮಗಳೂರಿನ ರೋಡ್‌ಕಿಂಗ್ ಮನೆಗೆ ಬಂದಿದೆ.

ಮೈಸೂರಿನವರು ಹೇಳಿದಂತೆ ನಂಬರುಗಳನ್ನು ತಾಳೆ ನೋಡಿದೆ, ಎಂಜಿನ್ ತಣ್ಣಗಿತ್ತು, ಎರಡೂ ಕೊಳವೆಗಳಿಗೆ ಕೈ ಹಿಡಿದೆ. ನವೀಕರಿಸಿದ ನೋಂದಣಿಯ ಅವಧಿ ಇನ್ನೂ ಎರಡು ವರ್ಷ ಇದೆ. ಮಾರುವವರು ನಾನು ಕೊಳವೆಗೆ ಕೈ ಹಿಡಿದುದನ್ನು ನೋಡಿ, "ಯಾರೋ ಗೊತ್ತಿರೋರು ಕಳಿಸಿದ್ದಾರೆ" ಎಂದು ನಕ್ಕು, ತಾವಾಗಿಯೇ ಹದಿನೈದು ಸಾವಿರ ಇಳಿಸಿದರು. 1,25,000 ರೂಪಾಯಿಗೆ ಮುಗಿಯಿತು. ಅಲ್ಲಿಯೇ ಒಬ್ಬ ಮೆಕ್ಯಾನಿಕ್ ಬಳಿ ಬ್ರೇಕ್ ಲೈನರು, ಕೇಬಲ್ಲು, ಟೈರುಗಳನ್ನು ಬದಲಾಯಿಸಿ, ಮರುವಾರ ಹೋಗಿ ತಂದೆ.

ಕಡೂರು ದಾಟುವವರೆಗೂ ಗಾಡಿ ಹೂವಿನ ಹಾಗೆ ಬಂತು. ಬಾಣಾವರದ ಹತ್ತಿರ ಎರಡು ಸಲ ಕೆಮ್ಮಿ ನಿಂತಿತು. ಹಿಂದಿನ ಕಾರಿನಲ್ಲಿ ಬರುತ್ತಿದ್ದ ನನ್ನ ಮಡದಿ ಕೊಟ್ಟ ಮಾತಿಗೆ ತಪ್ಪಲಿಲ್ಲ. ಕೆಳಗಿಳಿದು, ರಸ್ತೆಬದಿಯ ಕಲ್ಲಿನ ಮೇಲೆ ಕುಳಿತು, ಕಡಲೆಕಾಯಿ ಪೊಟ್ಟಣ ಬಿಚ್ಚಿ, ನನ್ನ ಹನ್ನೊಂದು ಫೋಟೊ ತೆಗೆದರು. ಪ್ಲಗ್ ಬಿಚ್ಚಿದರೆ ಎಣ್ಣೆಯಲ್ಲಿ ಒದ್ದೆಯಾಗಿತ್ತು. ಒರೆಸಿ, ಬಿಸಿಲಿಗೆ ಇಟ್ಟು, ಮತ್ತೆ ಹಾಕಿ, ಎಡಗಡೆ ನಿಂತು ಬಲಗಾಲಿನಲ್ಲಿ ಒದ್ದೆ. ಎರಡನೆಯ ಒದೆತಕ್ಕೆ ಹಿಡಿಯಿತು. ಆ ಕ್ಷಣದ ಫೋಟೊ ಮಾತ್ರ ಇಲ್ಲ, ಏಕೆಂದರೆ ಅವರು ಮೊಬೈಲ್ ಬಿಟ್ಟು ಚಪ್ಪಾಳೆ ತಟ್ಟುತ್ತಿದ್ದರು.

ನೇರವಾಗಿ ತಿಪಟೂರಿಗೆ ಬರದೆ ಮಾವನ ಊರಿಗೆ ಹೋದೆ, ಮೊದಲೇ ತಿಳಿಸಿರಲಿಲ್ಲ. ನಾನು ಕೆರೆ ಏರಿಯ ಮೇಲೆ ಇರುವಾಗಲೇ ಅತ್ತೆ ಒಲೆ ಹಚ್ಚಿದ್ದರಂತೆ, ಯಾಕೆ ಹಚ್ಚಿದೆನೆಂದು ತಮಗೇ ಗೊತ್ತಾಗಲಿಲ್ಲವೆಂದು ಆಮೇಲೆ ಹೇಳಿದರು. ಮಾವನಿಗೆ ಈಗ ಎಪ್ಪತ್ತೊಂಬತ್ತು ವರ್ಷ. ಊರುಗೋಲು ಹಿಡಿದು ಜಗುಲಿಯಿಂದ ಇಳಿದು ಬಂದವರು ನನ್ನನ್ನು ಮಾತನಾಡಿಸಲಿಲ್ಲ. ತಲೆ ಓರೆ ಮಾಡಿ ಸ್ವಲ್ಪ ಹೊತ್ತು ಸದ್ದು ಕೇಳಿ, "ಎಣ್ಣೆ ಜಾಸ್ತಿ ಹಾಕಿದ್ದೀಯ ಕಣೋ" ಎಂದರು. ಆಮೇಲೆ ಸ್ಕ್ರೂಡ್ರೈವರ್ ಕೇಳಿದರು. ನಡುಗುವ ಕೈಯನ್ನು ಟ್ಯಾಂಕಿಗೆ ಊರಿ, ಕಾರ್ಬುರೇಟರಿನ ಒಂದು ಸ್ಕ್ರೂವನ್ನು ಕಾಲು ಸುತ್ತು ತಿರುಗಿಸಿ, ನಿಂತು, ಕೂದಲೆಳೆಯಷ್ಟು ಹಿಂದಕ್ಕೆ ತಿರುಗಿಸಿದರು. ತಡವರಿಸುತ್ತಿದ್ದ ಸದ್ದು ಒಂದೇ ಲಯಕ್ಕೆ ಬಂದು ಕೂತಿತು. ಅವರ ಕೈ ಎಷ್ಟೋ ಹೊತ್ತು ಟ್ಯಾಂಕಿನ ಮೇಲೆಯೇ ಇತ್ತು.

ಸಂಜೆ ಅವರನ್ನು ಹಿಂದೆ ಕೂರಿಸಿಕೊಂಡು ತೋಟದವರೆಗೆ ಹೋಗಿ ಬಂದೆ. ಹೆಲ್ಮೆಟ್ ಹಾಕಿಸುವುದಕ್ಕೆ ಅತ್ತೆಯವರು ಗದರಬೇಕಾಯಿತು. ದಾರಿಯುದ್ದಕ್ಕೂ ಅವರು ಹೇಳಿದ್ದು ಒಂದೇ ಮಾತು, "ಗೇರ್ ಬದಲಾಯ್ಸು, ಅದಕ್ಕೆ ಕಷ್ಟ ಆಗ್ತಿದೆ." ಬರುವ ಭಾನುವಾರ ಮತ್ತೆ ಬಾ ಎಂದಿದ್ದಾರೆ, ಈ ಸಲ ಅರಸೀಕೆರೆ ಪೇಟೆಗೇ ಹೋಗಬೇಕಂತೆ.

ಹಾಗಾಗಿ ಶಿವಮೊಗ್ಗದವರಲ್ಲಿ ಇನ್ನೊಂದು ವಿನಂತಿ. ಹಿಂದಿನ ಸವಾರರ ಫುಟ್‌ರೆಸ್ಟಿನ ರಬ್ಬರುಗಳು ಪೂರ್ತಿ ಸವೆದುಹೋಗಿವೆ, ಮಾವನವರ ಕಾಲು ಜಾರುತ್ತದೆ. ಒಳ್ಳೆಯ ರಬ್ಬರು ಎಲ್ಲಿ ಸಿಗುತ್ತದೆ ಎಂಬುದನ್ನು ದಯವಿಟ್ಟು ಶನಿವಾರದ ಒಳಗೆ ತಿಳಿಸಿ.